ಬಾಡಿಗೆಯ ಕಂಪ್ಯೂಟರು, ಸ್ವಂತದ ಹೊಣೆ

2014ರ ಅಕ್ಟೋಬರ್ 6, ಸೋಮವಾರ ಬೆಳಿಗ್ಗೆ 8 ಗಂಟೆ. ಬೆಂಗಳೂರಿನ ಫ್ಲಿಪ್‌ಕಾರ್ಟ್ ತನ್ನ ಮೊದಲ ‘ಬಿಗ್ ಬಿಲಿಯನ್ ಡೇ’ ಮಾರಾಟಕ್ಕೆ ಬಾಗಿಲು ತೆರೆಯಿತು. ಜಾಹೀರಾತು ನೋಡಿ ಕಾದು ಕೂತಿದ್ದ ಜನ ಒಮ್ಮೆಲೇ ನುಗ್ಗಿದರು. ಹಲವರಿಗೆ ಪುಟವೇ ತೆರೆಯಲಿಲ್ಲ. ತೆರೆದವರಲ್ಲಿ ಎಷ್ಟೋ ಜನರಿಗೆ ಸರಕು ಖಾಲಿ ಎಂಬ ಉತ್ತರ ಸಿಕ್ಕಿತು. ಹತ್ತು ಗಂಟೆಗಳಲ್ಲಿ ಸುಮಾರು 600 ಕೋಟಿ ರೂಪಾಯಿಯ ವ್ಯಾಪಾರವೇನೋ ನಡೆಯಿತು, ಆದರೆ ಮರುದಿನ ಸಂಸ್ಥಾಪಕರಾದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಗ್ರಾಹಕರಿಗೆ ಕ್ಷಮಾಪಣೆಯ ಪತ್ರ ಬರೆಯಬೇಕಾಯಿತು. ಸುಮಾರು 5,000 ಸರ್ವರ್‌ಗಳನ್ನು ಹೂಡಿ, ಎಂದಿನ 20 ಪಟ್ಟು ದಟ್ಟಣೆಗೆ ಸಿದ್ಧತೆ ಮಾಡಿಕೊಂಡಿದ್ದರೂ ಬಂದ ಜನ ಅದನ್ನು ಮೀರಿದ್ದರು ಎಂದು ಪತ್ರ ವಿವರಿಸಿತು.

ಇಂಟರ್ನೆಟ್ಟಿನಲ್ಲಿ ವ್ಯಾಪಾರ ಮಾಡುವ ಎಲ್ಲರನ್ನೂ ಕಾಡುವ ಪ್ರಶ್ನೆ ಇದು: ಎಷ್ಟು ಯಂತ್ರ ಸಾಕು? ಹಬ್ಬದ ದಿನದ ನೂಕುನುಗ್ಗಲನ್ನು ಲೆಕ್ಕಕ್ಕೆ ಹಿಡಿದು ಸರ್ವರ್ ಕೊಂಡರೆ ವರ್ಷದ ಉಳಿದ ದಿನಗಳಲ್ಲಿ ಅವು ಕರೆಂಟು ತಿನ್ನುತ್ತಾ ಸುಮ್ಮನೆ ಕೂರುತ್ತವೆ. ಸಾಮಾನ್ಯ ದಿನದ ಲೆಕ್ಕ ಹಿಡಿದರೆ ಹಬ್ಬದಂದು ಮಾನ ಹೋಗುತ್ತದೆ. ಆರ್ಡರ್ ಕೊಟ್ಟ ಸರ್ವರ್ ಬಂದು, ರ‍್ಯಾಕಿಗೇರಿ, ತಂತ್ರಾಂಶ ತುಂಬಿಸಿಕೊಂಡು ಕೆಲಸಕ್ಕೆ ನಿಲ್ಲಲು ವಾರಗಳೇ ಬೇಕು. ಅಷ್ಟು ಹೊತ್ತಿಗೆ ಹಬ್ಬ ಮುಗಿದಿರುತ್ತದೆ.

ಕ್ಲೌಡ್ ಕಂಪ್ಯೂಟಿಂಗ್ ಈ ಪ್ರಶ್ನೆಗೆ ಕೊಟ್ಟ ಉತ್ತರ ಸರಳವಾಗಿದೆ. ಯಂತ್ರ ಕೊಳ್ಳುವುದೇ ಬೇಡ, ಬೇಕಾದಾಗ ಬೇಕಾದಷ್ಟು ಬಾಡಿಗೆಗೆ ಪಡೆದು, ಬಳಸಿದಷ್ಟಕ್ಕೆ ಹಣ ಕಟ್ಟಿ, ಕೆಲಸ ಮುಗಿದ ಮೇಲೆ ಹಿಂದಿರುಗಿಸಿದರಾಯಿತು. 2017ರ ಫೆಬ್ರುವರಿಯಲ್ಲಿ ಫ್ಲಿಪ್‌ಕಾರ್ಟ್ ಕೂಡ ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್ ಬಳಸುವ ಒಪ್ಪಂದವನ್ನು ಬೆಂಗಳೂರಿನಲ್ಲೇ ಪ್ರಕಟಿಸಿತು. ಆದರೆ ಯಂತ್ರದ ಜೊತೆಗೆ ಯಾವ ಯಾವ ಕೆಲಸ ಬೇರೆಯವರ ಕೈಗೆ ಹೋಗುತ್ತದೆ, ಯಾವುದು ಎಷ್ಟು ಹಣ ಕೊಟ್ಟರೂ ಉದ್ಯಮಿಯ ಹೆಗಲ ಮೇಲೇ ಉಳಿಯುತ್ತದೆ ಎಂಬುದನ್ನು ತಿಳಿಯದೆ ಕ್ಲೌಡ್ ಏರಿದವರು ಪೆಟ್ಟು ತಿಂದಿದ್ದಾರೆ. ಈ ಗಡಿರೇಖೆ ಎಲ್ಲಿದೆ ಎಂದು ಗುರುತಿಸಿಕೊಂಡರೆ ಕ್ಲೌಡ್‌ನ ನೂರಾರು ಸೇವೆಗಳ ಗೋಜಲು ತಾನಾಗಿ ಬಿಡಿಸಿಕೊಳ್ಳುತ್ತದೆ.

ಗಂಟೆಗೆ ಹತ್ತು ಸೆಂಟ್

ಬಾಡಿಗೆಯ ಗಣನೆ ಎಂಬ ಯೋಚನೆ ಹೊಸದಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಶತಮಾನೋತ್ಸವ ನಡೆದ 1961ರಲ್ಲಿ ಗಣಕ ವಿಜ್ಞಾನಿ ಜಾನ್ ಮೆಕಾರ್ಥಿ, ಟೆಲಿಫೋನಿನ ಹಾಗೆ ಕಂಪ್ಯೂಟರ್ ಕೂಡ ಮುಂದೊಂದು ದಿನ ಸಾರ್ವಜನಿಕ ಸೌಕರ್ಯ ಆಗಬಹುದು ಎಂದಿದ್ದರು. ಆಗ ಒಂದು ಕಂಪ್ಯೂಟರ್ ಇಡೀ ಕೋಣೆ ತುಂಬುತ್ತಿತ್ತು. ಅದನ್ನು ಹಲವರು ಹಂಚಿಕೊಂಡು ಬಳಸುವುದು ಅನಿವಾರ್ಯವೂ ಆಗಿತ್ತು. 1980ರ ದಶಕದಲ್ಲಿ ಮೇಜಿನ ಮೇಲಿನ ಅಗ್ಗದ ಕಂಪ್ಯೂಟರುಗಳು ಬಂದಮೇಲೆ ಆ ಮಾತು ಹಿಂದೆ ಸರಿಯಿತು.

ಅದಕ್ಕೆ ಮರುಜೀವ ಬಂದದ್ದು ಪುಸ್ತಕ ಮಾರುವ ಕಂಪನಿಯೊಂದರಿಂದ. 2006ರ ಮಾರ್ಚ್ 14ರಂದು ಅಮೆಜಾನ್ ಎಸ್3 ಎಂಬ ಸಂಗ್ರಹ ಸೇವೆಯನ್ನು ತೆರೆಯಿತು. ಒಂದು ಜಿಬಿ ಮಾಹಿತಿಯನ್ನು ಒಂದು ತಿಂಗಳು ಇಟ್ಟುಕೊಳ್ಳಲು 15 ಸೆಂಟ್. ಅದೇ ಆಗಸ್ಟ್‌ನಲ್ಲಿ ಇಸಿ2 ಬಂತು. 1.7 ಗಿಗಾಹರ್ಟ್ಸ್ ಪ್ರೊಸೆಸರ್, 1.75 ಜಿಬಿ ಮೆಮೊರಿ, 160 ಜಿಬಿ ಡಿಸ್ಕ್ ಇರುವ ಯಂತ್ರಕ್ಕೆ ಸಮನಾದ ಗಣನಶಕ್ತಿ ಗಂಟೆಗೆ 10 ಸೆಂಟ್‌ಗೆ ಸಿಗತೊಡಗಿತು. ಇದನ್ನು ಕಟ್ಟಿದ ತಂಡ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿತ್ತು. ಕ್ರಿಸ್‌ಮಸ್ ಮಾರಾಟಕ್ಕೆಂದು ಕೊಂಡು ಉಳಿದ ಸರ್ವರ್‌ಗಳನ್ನೇ ಅಮೆಜಾನ್ ಬಾಡಿಗೆಗೆ ಬಿಟ್ಟಿತು ಎಂಬ ಕಥೆ ಈಗಲೂ ಚಾಲ್ತಿಯಲ್ಲಿದೆ. ಕಂಪನಿಯ ಮುಖ್ಯ ತಂತ್ರಜ್ಞ ವರ್ನರ್ ವೋಗೆಲ್ಸ್ ಅದು ಬರೀ ದಂತಕಥೆ ಎಂದು ಸ್ಪಷ್ಟಪಡಿಸಿದ್ದಾರೆ. ಕ್ರಿಸ್‌ಮಸ್ ಬಂತೆಂದು ಬಾಡಿಗೆದಾರರನ್ನು ಹೊರಹಾಕಲು ಸಾಧ್ಯವಿಲ್ಲದ ಮೇಲೆ ಅಂಥ ವ್ಯವಹಾರ ನಡೆಯುವುದಾದರೂ ಹೇಗೆ?

ಹತ್ತು ಸೆಂಟಿನ ಶಕ್ತಿ ಏನೆಂಬುದು ಮರುವರ್ಷವೇ ತಿಳಿಯಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಬಳಿ 1851ರಿಂದ 1922ರವರೆಗಿನ 1.1 ಕೋಟಿ ಲೇಖನಗಳ ಸ್ಕ್ಯಾನ್ ಚಿತ್ರಗಳಿದ್ದವು, ಒಟ್ಟು 4 ಟೆರಾಬೈಟ್. ಅವನ್ನೆಲ್ಲ ಪಿಡಿಎಫ್ ಮಾಡಿ ಓದುಗರಿಗೆ ಕೊಡಬೇಕಿತ್ತು. ಪತ್ರಿಕೆಯ ತಂತ್ರಜ್ಞರು ಚಿತ್ರಗಳನ್ನು ಎಸ್3ಗೆ ಏರಿಸಿ, ಇಸಿ2ನಲ್ಲಿ 100 ಯಂತ್ರಗಳನ್ನು ಹಿಡಿದು ಕೆಲಸಕ್ಕೆ ಹಚ್ಚಿದರು. ಒಂದು ದಿನ ತುಂಬುವ ಮೊದಲೇ ಕೆಲಸ ಮುಗಿಯಿತು. 100 ಯಂತ್ರ, 24 ಗಂಟೆ, ಗಂಟೆಗೆ 10 ಸೆಂಟ್ ಎಂದು ಲೆಕ್ಕ ಹಾಕಿದರೆ ಗಣನೆಯ ಬಾಡಿಗೆ 240 ಡಾಲರ್ ದಾಟುವುದಿಲ್ಲ. ಒಂದೇ ಯಂತ್ರ ನೂರು ದಿನ ದುಡಿದಿದ್ದರೂ ಬಾಡಿಗೆ ಅಷ್ಟೇ ಆಗುತ್ತಿತ್ತು. ಅದೇ ಹಣಕ್ಕೆ ನೂರು ದಿನದ ಕೆಲಸ ಒಂದೇ ದಿನದಲ್ಲಿ ಆಯಿತಲ್ಲ, ಸ್ವಂತ ಯಂತ್ರ ಇಟ್ಟುಕೊಂಡವರಿಗೆ ಎಂದೂ ಸಿಗದ ಅನುಕೂಲ ಅದು.

ಗೂಗಲ್ 2008ರ ಏಪ್ರಿಲ್‌ನಲ್ಲಿ ಆ್ಯಪ್ ಎಂಜಿನ್ ತೋರಿಸಿತು. ಮೈಕ್ರೋಸಾಫ್ಟ್ 2010ರ ಫೆಬ್ರುವರಿಯಲ್ಲಿ ಅಜೂರ್ ಅನ್ನು ಮಾರುಕಟ್ಟೆಗಿಳಿಸಿತು. ಇಂದು ಜಗತ್ತಿನ ಕ್ಲೌಡ್ ವ್ಯಾಪಾರದ ಅರ್ಧಕ್ಕಿಂತ ಹೆಚ್ಚಿನ ಪಾಲು ಈ ಮೂರು ಕಂಪನಿಗಳ ಕೈಯಲ್ಲಿದೆ.

ಒಂದು ಯಂತ್ರ, ಹಲವು ಬಾಡಿಗೆದಾರರು

ಬಾಡಿಗೆಗೆ ಸಿಗುವ ‘ಯಂತ್ರ’ ನಿಜವಾಗಿ ಒಂದು ಯಂತ್ರವಲ್ಲ. ಡೇಟಾ ಸೆಂಟರಿನ ರ‍್ಯಾಕಿನಲ್ಲಿರುವ ದೊಡ್ಡ ಸರ್ವರ್ ಒಂದರ ಮೇಲೆ ಹೈಪರ್‌ವೈಸರ್ ಎಂಬ ತಂತ್ರಾಂಶ ಕೂತಿರುತ್ತದೆ. ಅದು ಪ್ರೊಸೆಸರ್, ಮೆಮೊರಿ, ಡಿಸ್ಕುಗಳನ್ನು ಪಾಲು ಮಾಡಿ ಹತ್ತಾರು ಕಲ್ಪಿತ ಯಂತ್ರಗಳನ್ನು ಸೃಷ್ಟಿಸುತ್ತದೆ. ಒಂದೊಂದು ಪಾಲಿಗೂ ತನ್ನದೇ ಲಿನಕ್ಸ್ ಅಥವಾ ವಿಂಡೋಸ್ ಇರುತ್ತದೆ. ತಾನೊಂದು ಪೂರ್ಣ ಕಂಪ್ಯೂಟರ್ ಎಂದೇ ಅದು ನಂಬಿ ನಡೆಯುತ್ತದೆ. ಪಕ್ಕದ ಪಾಲಿನಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದು ಅದಕ್ಕೆ ಕಾಣಿಸುವುದಿಲ್ಲ.

ಈ ವಿದ್ಯೆಯೂ ಹಳೆಯದೇ. ಐಬಿಎಂ 1960ರ ದಶಕದಲ್ಲಿ ಅದನ್ನು ತನ್ನ ಪ್ರಯೋಗಾಲಯದಲ್ಲಿ ರೂಪಿಸಿ 1972ರಲ್ಲಿ ತನ್ನ ದೈತ್ಯ ಕಂಪ್ಯೂಟರುಗಳಿಗೆ ಅಳವಡಿಸಿತ್ತು. ಸಾಮಾನ್ಯ ಇಂಟೆಲ್ ಚಿಪ್‌ಗಳ ಮೇಲೆ ಅದನ್ನು ಸಾಧ್ಯವಾಗಿಸಿದ್ದು 1998ರಲ್ಲಿ ಹುಟ್ಟಿದ ವಿಎಂವೇರ್ ಕಂಪನಿ. 2003ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಕ್ಸೆನ್ ಎಂಬ ಹೈಪರ್‌ವೈಸರನ್ನು ಮುಕ್ತ ತಂತ್ರಾಂಶವಾಗಿ ಹೊರತಂದರು. ಅಮೆಜಾನ್‌ನ ಇಸಿ2 ನಿಂತದ್ದು ಅದರ ಮೇಲೆ.

ಪಾಲು ಮಾಡುವುದು ತಂತ್ರಾಂಶವೇ ಆದ್ದರಿಂದ ಹೊಸ ಯಂತ್ರ ಹುಟ್ಟಿಸಲು ಸ್ಕ್ರೂಡ್ರೈವರ್ ಬೇಕಿಲ್ಲ. ಒಂದು ಆಜ್ಞೆ ಸಾಕು, ಒಂದೆರಡು ನಿಮಿಷದಲ್ಲಿ ಯಂತ್ರ ಎದ್ದು ನಿಲ್ಲುತ್ತದೆ. ಇನ್ನೊಂದು ಆಜ್ಞೆಗೆ ಅಳಿಯುತ್ತದೆ. ಆ ಆಜ್ಞೆಯನ್ನು ಕೊಡುವುದು ಮನುಷ್ಯನೇ ಆಗಬೇಕೆಂದೂ ಇಲ್ಲ. ಗ್ರಾಹಕರು ಹೆಚ್ಚಿದ್ದನ್ನು ಕಂಡು ಮತ್ತೊಂದು ತಂತ್ರಾಂಶವೇ ಅದನ್ನು ಹೊರಡಿಸಬಹುದು. ಕ್ಲೌಡ್‌ನ ಹಿಗ್ಗುವ ಕುಗ್ಗುವ ಗುಣವೆಲ್ಲ ಇಲ್ಲಿಂದಲೇ ಬಂದದ್ದು.

ಮಂಟಪದಿಂದ ಎಲೆ ಊಟದವರೆಗೆ

ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2011ರಲ್ಲಿ ಕ್ಲೌಡ್ ಸೇವೆಗಳನ್ನು ಮೂರು ಮೆಟ್ಟಿಲುಗಳಾಗಿ ವಿಂಗಡಿಸಿತು. ಇಂದಿಗೂ ಎಲ್ಲರೂ ಬಳಸುವುದು ಅದೇ ವಿಂಗಡಣೆ. ಅದನ್ನು ಒಂದು ಮದುವೆಯ ಹೋಲಿಕೆಯಿಂದ ತಿಳಿಯಬಹುದು.

ಮದುವೆ ಮಾಡುವವರು ಕಲ್ಯಾಣ ಮಂಟಪವನ್ನಷ್ಟೇ ಬಾಡಿಗೆಗೆ ಹಿಡಿಯಬಹುದು. ಆಗ ಪಾತ್ರೆ, ಗ್ಯಾಸು, ದಿನಸಿ, ಅಡುಗೆಯವರು ಎಲ್ಲವನ್ನೂ ತಾವೇ ಹೊಂದಿಸಬೇಕು. ಪಾತ್ರೆ, ಒಲೆ, ಸಹಾಯಕರ ಸಮೇತ ಅಡುಗೆಮನೆಯನ್ನೂ ಹಿಡಿದು, ಅಡುಗೆ ಮಾತ್ರ ತಮ್ಮ ಭಟ್ಟರಿಂದ ಮಾಡಿಸಬಹುದು. ಅದೂ ಬೇಡವೆಂದರೆ ಎಲೆಗೆ ಇಷ್ಟು ಎಂದು ಕಂಟ್ರಾಕ್ಟು ಕೊಟ್ಟು ಮಂಟಪದ ಮುಂದೆ ಕೂರಬಹುದು. ಮೂರರಲ್ಲೂ ಯಾರನ್ನು ಕರೆಯಬೇಕು ಎಂಬ ಪಟ್ಟಿ ಮದುವೆ ಮನೆಯವರದ್ದೇ.

ಮೊದಲ ಮೆಟ್ಟಿಲು ಮೂಲಸೌಕರ್ಯದ ಬಾಡಿಗೆ, ಐಎಎಎಸ್. ಅಮೆಜಾನ್‌ನ ಇಸಿ2, ಅಜೂರ್‌ನ ವರ್ಚುವಲ್ ಮಷೀನ್, ಗೂಗಲ್‌ನ ಕಂಪ್ಯೂಟ್ ಎಂಜಿನ್ ಈ ಬಗೆಯವು. ಕಟ್ಟಡ, ಕರೆಂಟು, ಸರ್ವರ್, ಹೈಪರ್‌ವೈಸರ್ ಅವರದ್ದು. ಆಪರೇಟಿಂಗ್ ಸಿಸ್ಟಂಗೆ ಭದ್ರತೆಯ ತೇಪೆ ಹಾಕುವುದರಿಂದ ಹಿಡಿದು ಮೇಲಿನದೆಲ್ಲ ಬಾಡಿಗೆದಾರರದ್ದು. ಎರಡನೆಯದು ವೇದಿಕೆಯ ಬಾಡಿಗೆ, ಪಿಎಎಎಸ್. ಗೂಗಲ್‌ನ ಆ್ಯಪ್ ಎಂಜಿನ್, ಅಜೂರ್‌ನ ಆ್ಯಪ್ ಸರ್ವೀಸ್ ಇಂಥವು. ಇಲ್ಲಿ ಬಾಡಿಗೆದಾರರು ತಮ್ಮ ಪ್ರೋಗ್ರಾಂ ಬರೆದು ಕೊಟ್ಟರೆ ಸಾಕು, ಅದು ಯಾವ ಯಂತ್ರದ ಮೇಲೆ ಓಡುತ್ತದೆ ಎಂಬ ತಲೆಬಿಸಿ ಇಲ್ಲ. ಮೂರನೆಯದು ಸಿದ್ಧ ತಂತ್ರಾಂಶದ ಬಾಡಿಗೆ, ಎಸ್‌ಎಎಎಸ್. 1999ರಲ್ಲಿ ಹುಟ್ಟಿದ ಸೇಲ್ಸ್‌ಫೋರ್ಸ್ ಈ ದಾರಿ ತುಳಿದ ಮೊದಲಿಗರಲ್ಲಿ ಒಂದು. ಕಚೇರಿಗಳಲ್ಲಿ ಬಳಸುವ ಮೈಕ್ರೋಸಾಫ್ಟ್ 365, ಗೂಗಲ್ ವರ್ಕ್‌ಸ್ಪೇಸ್, ಚೆನ್ನೈ ಮೂಲದ ಝೋಹೋದ ಲೆಕ್ಕಪತ್ರ ತಂತ್ರಾಂಶ ಎಲ್ಲವೂ ಇದೇ ಸಾಲಿನವು.

ಮೇಲಿನ ಮೆಟ್ಟಿಲಿಗೆ ಹೋದಷ್ಟೂ ಉದ್ಯಮಿಯ ಕೆಲಸ ಇಳಿಯುತ್ತದೆ, ಜೊತೆಗೆ ತನಗೆ ಬೇಕಾದಂತೆ ಬದಲಿಸಿಕೊಳ್ಳುವ ಸ್ವಾತಂತ್ರ್ಯವೂ ಇಳಿಯುತ್ತದೆ. ಎಷ್ಟೇ ಮೇಲೆ ಹೋದರೂ ಇಳಿಯದ ಭಾರ ಎರಡಿದೆ. ಒಂದು, ದತ್ತಾಂಶ. ಇನ್ನೊಂದು, ಆ ದತ್ತಾಂಶವನ್ನು ಯಾರು ನೋಡಬಹುದು, ಯಾರು ತಿದ್ದಬಹುದು ಎಂಬ ಅನುಮತಿ. ಕ್ಲೌಡ್ ಕಂಪನಿಗಳೆಲ್ಲ ತಮ್ಮ ದಾಖಲೆಗಳಲ್ಲಿ ಇದನ್ನು ಹಂಚಿಕೊಂಡ ಹೊಣೆ ಎಂಬ ಹೆಸರಿನಲ್ಲಿ ಬರೆದೇ ಇಟ್ಟಿವೆ.

ಒಂದು ಸೀರೆ ಅಂಗಡಿಯ ಒಳಗೆ

ಸೇವೆಗಳ ಪಟ್ಟಿ ಓದಿದರೆ ತಲೆ ತಿರುಗುತ್ತದೆ. ಅಮೆಜಾನ್ ಒಂದರಲ್ಲೇ ಅವುಗಳ ಸಂಖ್ಯೆ 200 ದಾಟುತ್ತದೆ. ಅವು ಯಾವ ಕೆಲಸಕ್ಕೆ ಎಂದು ತಿಳಿಯಲು ಇಳಕಲ್‌ನ ಒಂದು ಸೀರೆ ಅಂಗಡಿ ತನ್ನದೇ ಆನ್‌ಲೈನ್ ಮಳಿಗೆ ಕಟ್ಟಿಸಿತು ಎಂದಿಟ್ಟುಕೊಂಡು ಒಂದು ಆರ್ಡರಿನ ಬೆನ್ನು ಹತ್ತಬಹುದು.

ಅಂಗಡಿಯಲ್ಲಿ 2,000 ಸೀರೆಗಳಿವೆ. ಪ್ರತಿ ಸೀರೆಗೂ ಒಡಲು, ಅಂಚು, ಟೋಪು ತೆನೆಯ ಸೆರಗು ಎಂದು ಐದು ಫೋಟೊ, ಒಂದೊಂದೂ 5 ಎಂಬಿ. ಒಟ್ಟು 50 ಜಿಬಿ. ಇವು ಎಸ್3ಯಂಥ ವಸ್ತು ಸಂಗ್ರಹದಲ್ಲಿ ಕೂರುತ್ತವೆ, ಬಾಡಿಗೆ ತಿಂಗಳಿಗೆ ಒಂದೆರಡು ಡಾಲರ್. ಕ್ಲೌಡ್ ಕಂಪನಿ ಪ್ರತಿ ಫೋಟೊವನ್ನೂ ಬೇರೆ ಬೇರೆ ಕಟ್ಟಡಗಳಲ್ಲಿ ಹಲವು ಪ್ರತಿ ಮಾಡಿ ಇಡುತ್ತದೆ. ಒಂದು ಕೋಟಿ ಕಡತ ಇಟ್ಟವರು 10,000 ವರ್ಷಕ್ಕೊಮ್ಮೆ ಒಂದನ್ನು ಕಳೆದುಕೊಳ್ಳಬಹುದು, ಎಸ್3ಯನ್ನು ಅಂಥ ಅಂದಾಜಿನ ಮೇಲೆ ವಿನ್ಯಾಸ ಮಾಡಲಾಗಿದೆ. ಇದು ಯಂತ್ರ ಕೆಟ್ಟು ಕಡತ ಹಾಳಾಗುವ ಲೆಕ್ಕ ಮಾತ್ರ. ಅಂಗಡಿಯ ಸಿಬ್ಬಂದಿಯೇ ತಪ್ಪಿ ಅಳಿಸಿದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ.

ಹೊಸ ಫೋಟೊ ಏರಿಸಿದ ಕ್ಷಣಕ್ಕೆ ಮೊಬೈಲಿಗೆ ಹೊಂದುವ ಪುಟ್ಟ ಪ್ರತಿಯೊಂದು ತಯಾರಾಗಬೇಕು. ದಿನಕ್ಕೆ ಹತ್ತು ಸಲ ನಡೆಯುವ ಈ ಕೆಲಸಕ್ಕೆ ಇಡೀ ಸರ್ವರ್ ಹಿಡಿಯುವುದು ದಂಡ. 2014ರಲ್ಲಿ ಬಂದ ಅಮೆಜಾನ್‌ನ ಲ್ಯಾಮ್ಡಾ ಸೇವೆ ಇಂಥದ್ದಕ್ಕೇ ಇದೆ. ಫೋಟೊ ಬಂದಾಗ ಪ್ರೋಗ್ರಾಂ ಎಚ್ಚರಗೊಂಡು, ಕೆಲಸ ಮುಗಿಸಿ ಮಲಗುತ್ತದೆ. ಬಾಡಿಗೆ ಎದ್ದಿದ್ದಷ್ಟು ಮಿಲಿಸೆಕೆಂಡುಗಳಿಗೆ ಮಾತ್ರ.

ಇನ್ನು ಆರ್ಡರು, ದಾಸ್ತಾನು, ಬೆಲೆ. ಒಂದೇ ಸೀರೆ ಉಳಿದಿದ್ದು ಧಾರವಾಡದವರೂ ನ್ಯೂಜೆರ್ಸಿಯವರೂ ಏಕಕಾಲಕ್ಕೆ ‘ಕೊಳ್ಳಿ’ ಒತ್ತಿದರೆ ಒಬ್ಬರಿಗಷ್ಟೇ ಸಿಗಬೇಕು. ಈ ನ್ಯಾಯ ತೀರ್ಮಾನ ಡೇಟಾಬೇಸಿನದು. ಅದು ಆ ಸೀರೆಯ ದಾಖಲೆಯ ಸಾಲಿಗೆ ಒಬ್ಬರ ಹೆಸರಿನಲ್ಲಿ ಬೀಗ ಹಾಕಿ, ಹಣ ಸಂದ ಮೇಲೆ ದಾಸ್ತಾನನ್ನು ಸೊನ್ನೆ ಮಾಡಿ, ಆಮೇಲೆ ಬೀಗ ತೆಗೆಯುತ್ತದೆ. ಡೇಟಾಬೇಸ್ ಸಾಕುವುದು ಕಷ್ಟದ ಕೆಲಸ, ಪ್ರತಿರಾತ್ರಿ ಬ್ಯಾಕಪ್, ಆಗಾಗ ತೇಪೆ, ಯಂತ್ರ ಕೆಟ್ಟರೆ ತಕ್ಷಣ ಬದಲಿ. ನಿರ್ವಹಣೆ ಸಹಿತ ಡೇಟಾಬೇಸನ್ನು ಬಾಡಿಗೆಗೆ ಪಡೆದರೆ ಇವೆಲ್ಲ ಕ್ಲೌಡ್ ಕಂಪನಿಯ ಪಾಲಿಗೆ ಹೋಗುತ್ತವೆ. ಸಣ್ಣ ಉದ್ಯಮಗಳಿಗೆ ಕ್ಲೌಡ್‌ನಿಂದ ಆಗುವ ಅತಿ ದೊಡ್ಡ ಉಪಕಾರ ಬಹುಶಃ ಇದೇ.

ಆರ್ಡರ್ ಖಚಿತವಾದ ಸುದ್ದಿ ಸಂದೇಶಗಳ ಸರದಿಗೆ ಸೇರುತ್ತದೆ. ಅಲ್ಲಿಂದ ಗ್ರಾಹಕರಿಗೆ ಎಸ್‌ಎಂಎಸ್, ಗೋದಾಮಿಗೆ ಚೀಟಿ, ಕೊರಿಯರ್‌ನವರಿಗೆ ಕರೆ ಹೋಗುತ್ತವೆ. ಕೊರಿಯರ್‌ನವರ ವ್ಯವಸ್ಥೆ ಒಂದು ಗಂಟೆ ಕೆಟ್ಟಿದ್ದರೂ ಸಂದೇಶ ಸರದಿಯಲ್ಲೇ ಕಾಯುತ್ತದೆ, ಆರ್ಡರ್ ಕಳೆದುಹೋಗುವುದಿಲ್ಲ. ಫೋಟೊಗಳ ಪ್ರತಿಗಳು ಸಿಡಿಎನ್ ಎಂಬ ಹಂಚಿಕೆ ಜಾಲದ ಊರೂರುಗಳ ಕೇಂದ್ರಗಳಲ್ಲಿ ಮೊದಲೇ ಹೋಗಿ ಕೂತಿರುವುದರಿಂದ ಧಾರವಾಡದವರಿಗೂ ನ್ಯೂಜೆರ್ಸಿಯವರಿಗೂ ಅವರವರ ಹತ್ತಿರದಿಂದಲೇ ಚಿತ್ರ ಬರುತ್ತದೆ.

ಇಷ್ಟೆಲ್ಲ ಒಂದು ಸೀರೆ ಅಂಗಡಿಗೆ ಬೇಕೇ? ಬಹುತೇಕ ಅಂಗಡಿಗಳಿಗೆ ಬೇಡ. ತಿಂಗಳ ಬಾಡಿಗೆಗೆ ಸಿಗುವ ಸಿದ್ಧ ಆನ್‌ಲೈನ್ ಮಳಿಗೆಯೊಂದು ಈ ಎಲ್ಲ ಬಿಡಿಭಾಗಗಳನ್ನೂ ತನ್ನೊಳಗೆ ಇಟ್ಟುಕೊಂಡಿರುತ್ತದೆ. ವ್ಯಾಪಾರದ ರೀತಿಯೇ ವಿಶಿಷ್ಟವಾಗಿದ್ದಾಗ, ಅಥವಾ ಸಿದ್ಧ ಮಳಿಗೆಯ ಕಮಿಷನ್ ಭಾರವಾಗುವಷ್ಟು ವ್ಯಾಪಾರ ಬೆಳೆದಾಗ, ಕೆಳಗಿನ ಮೆಟ್ಟಿಲಿಗೆ ಇಳಿದು ಸ್ವಂತದ್ದನ್ನು ಕಟ್ಟುವುದು ಲಾಭ.

ದೂರ, ಬೆಳಕು ಮತ್ತು ಕಾನೂನು

ಕ್ಲೌಡ್ ಎಲ್ಲೋ ಆಕಾಶದಲ್ಲಿಲ್ಲ, ನಿರ್ದಿಷ್ಟ ಊರುಗಳ ಕಾಂಕ್ರೀಟ್ ಕಟ್ಟಡಗಳಲ್ಲಿದೆ. ಆ ಊರು ಯಾವುದೆಂಬುದು ವ್ಯಾಪಾರಕ್ಕೆ ಮುಖ್ಯ. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೊಮೀಟರ್ ಸಾಗುತ್ತದೆ. ಬೆಂಗಳೂರಿನಿಂದ ಅಮೆರಿಕದ ವರ್ಜೀನಿಯಾಕ್ಕೆ ನೇರ ದಾರಿಯಲ್ಲೇ 13,000 ಕಿಲೊಮೀಟರಿಗೂ ಹೆಚ್ಚು. ಹೋಗಿ ಬರಲು ಕನಿಷ್ಠ 130 ಮಿಲಿಸೆಕೆಂಡ್ ಬೇಕು, ಕೇಬಲ್ಲುಗಳ ಬಳಸುದಾರಿಯಿಂದಾಗಿ ವಾಸ್ತವದಲ್ಲಿ ಅದಕ್ಕಿಂತ ಬಹಳ ಹೆಚ್ಚು. ಒಂದು ಪುಟ ತೆರೆಯಲು ಇಂಥ ಹತ್ತಾರು ಓಡಾಟ ಬೇಕಾದಾಗ ಗ್ರಾಹಕರ ತಾಳ್ಮೆ ಕೆಡುತ್ತದೆ. ಮುಂಬೈಗಾದರೆ ಭೌತಶಾಸ್ತ್ರ ಕೇಳುವ ಸಮಯ ಹತ್ತು ಮಿಲಿಸೆಕೆಂಡಿನೊಳಗೆ.

ಹೀಗಾಗಿ ಕಂಪನಿಗಳು ಭಾರತಕ್ಕೇ ಬಂದವು. ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಚೆನ್ನೈ, ಮುಂಬೈಗಳಲ್ಲಿ ನೆಲೆಯೂರಿತು. ಅಮೆಜಾನ್ 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ತೆರೆಯಿತು. ಗೂಗಲ್ 2017ರಲ್ಲಿ ಮುಂಬೈಗೆ, 2021ರಲ್ಲಿ ದೆಹಲಿಗೆ ಬಂತು. ಇಂಥ ಒಂದೊಂದು ಪ್ರದೇಶದಲ್ಲೂ ಸಾಮಾನ್ಯವಾಗಿ ಪರಸ್ಪರ ದೂರವಿರುವ, ಬೇರೆ ಬೇರೆ ವಿದ್ಯುತ್ ಮೂಲವುಳ್ಳ ಹಲವು ಕಟ್ಟಡ ಸಮೂಹಗಳಿರುತ್ತವೆ. ಒಂದರಲ್ಲಿ ಕರೆಂಟು ಹೋದರೂ ಇನ್ನೊಂದು ನಡೆಯಲಿ ಎಂದು. ಆದರೆ ಎರಡೂ ಕಡೆ ತನ್ನ ಪ್ರತಿ ಇರಬೇಕೋ ಬೇಡವೋ ಎಂದು ತೀರ್ಮಾನಿಸಿ ಅದರ ಹಣ ಕಟ್ಟಬೇಕಾದವರು ಬಾಡಿಗೆದಾರರೇ.

ಕಾನೂನೂ ಊರನ್ನು ಕೇಳುತ್ತದೆ. ಪಾವತಿಗೆ ಸಂಬಂಧಿಸಿದ ಮಾಹಿತಿ ಭಾರತದಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಆದೇಶಿಸಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಇನ್ನೂ ನೇರವಾಗಿ ಮಾತಾಡುತ್ತದೆ. ಗ್ರಾಹಕರ ಮಾಹಿತಿ ಸಂಗ್ರಹಿಸಿದ ಸಂಸ್ಥೆಯೇ ಅದಕ್ಕೆ ಹೊಣೆ, ಸಂಸ್ಕರಣೆಯ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದ್ದರೂ, ಒಪ್ಪಂದದಲ್ಲಿ ಏನೇ ಬರೆದುಕೊಂಡಿದ್ದರೂ ಹೊಣೆ ಕೈಬದಲಾಗದು. ಸೂಕ್ತ ಭದ್ರತೆ ಇಡದೆ ಮಾಹಿತಿ ಸೋರಿದರೆ ದಂಡ 250 ಕೋಟಿ ರೂಪಾಯಿಯವರೆಗೆ ಏರಬಹುದು.

ಧೋನಿ ಔಟಾದ ಕ್ಷಣ

ಕ್ಲೌಡ್ ಹಿಗ್ಗುತ್ತದೆ ಎಂಬ ಮಾತನ್ನು ಪೂರಾ ನಂಬಿ ಕೈಕಟ್ಟಿ ಕೂತರೆ ಏನಾಗಬಹುದು ಎಂಬುದಕ್ಕೆ ಒಳ್ಳೆಯ ಪಾಠ ಕ್ರಿಕೆಟ್ಟಿನಲ್ಲಿದೆ. 2019ರ ಜುಲೈ 10ರಂದು ವಿಶ್ವಕಪ್ ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 240 ರನ್ನುಗಳ ಬೆನ್ನು ಹತ್ತಿದ್ದ ಭಾರತಕ್ಕೆ ಧೋನಿ, ಜಡೇಜ ಆಸೆ ಹುಟ್ಟಿಸಿದ್ದರು. ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ ನೋಡುತ್ತಿದ್ದವರ ಸಂಖ್ಯೆ 2.53 ಕೋಟಿ ಮುಟ್ಟಿತು. ಆ ಹೊತ್ತಿಗೆ ಅದು ವಿಶ್ವದಾಖಲೆ. ಮಾರ್ಟಿನ್ ಗಪ್ಟಿಲ್ ಎಸೆದ ಚೆಂಡು ನೇರ ವಿಕೆಟ್ಟಿಗೆ ಬಡಿದು ಧೋನಿ ರನೌಟ್ ಆದರು. ಕೋಟಿಗಟ್ಟಲೆ ಜನ ಒಟ್ಟಿಗೆ ಎದ್ದುಹೋದರು.

ಸರ್ವರುಗಳಿಗೆ ಇದರಿಂದ ಬಿಡುವು ಸಿಗುತ್ತದೆ ಎಂದು ಯಾರಿಗಾದರೂ ಅನಿಸೀತು. ನಡೆಯುವುದು ಬೇರೆ. ಪಂದ್ಯ ನೋಡುತ್ತಿದ್ದವರು ಮೊಬೈಲಿನ ‘ಹಿಂದೆ’ ಗುಂಡಿ ಒತ್ತಿದಾಗ ಆ್ಯಪ್‌ನ ಮುಖಪುಟಕ್ಕೆ ಬರುತ್ತಾರೆ. ವಿಡಿಯೊ ಹರಿಸುವ ಸರ್ವರ್‌ಗಳು ಖಾಲಿಯಾದ ಅದೇ ಕ್ಷಣ, ಪ್ರತಿಯೊಬ್ಬರಿಗೂ ಅವರವರ ಅಭಿರುಚಿಯ ಮುಖಪುಟ ಜೋಡಿಸುವ ಸರ್ವರ್‌ಗಳ ಮೇಲೆ ಅಲೆ ಅಪ್ಪಳಿಸುತ್ತದೆ. ವೀಕ್ಷಕರು ಇಳಿದರು ಎಂದು ಯಾಂತ್ರಿಕವಾಗಿ ಯಂತ್ರಗಳನ್ನು ಕಡಿತ ಮಾಡುವ ವ್ಯವಸ್ಥೆ ಇದ್ದರೆ ಅಲ್ಲೇ ಕುಸಿತ.

ಹಾಟ್‌ಸ್ಟಾರ್ ಎಂಜಿನಿಯರುಗಳು ನಂತರ ಸಾರ್ವಜನಿಕ ಉಪನ್ಯಾಸಗಳಲ್ಲಿ ತಮ್ಮ ತಯಾರಿಯನ್ನು ಬಿಡಿಸಿಟ್ಟರು. ಕ್ಲೌಡ್ ಕಂಪನಿ ಕೊಡುವ ಸಿದ್ಧ ಸ್ವಯಂಚಾಲಿತ ವಿಸ್ತರಣೆಯನ್ನು ಅವರು ನೆಚ್ಚಿರಲಿಲ್ಲ. ನಿಮಿಷಕ್ಕೆ ಸುಮಾರು ಹತ್ತು ಲಕ್ಷ ಹೊಸ ವೀಕ್ಷಕರು ಬರುವಾಗ, ಹೊಸ ಯಂತ್ರ ಎದ್ದು ಸಜ್ಜಾಗುವ ಒಂದೆರಡು ನಿಮಿಷವೂ ತಡವೇ. ಬಾಡಿಗೆಗೆ ಕೇಳಿದಷ್ಟು ಯಂತ್ರ ಆ ಕ್ಷಣ ಕ್ಲೌಡ್‌ನಲ್ಲೂ ಇಲ್ಲದಿರಬಹುದು. ಆದ್ದರಿಂದ ಪಂದ್ಯಕ್ಕೆ ಮೊದಲೇ ಯಂತ್ರಗಳನ್ನು ಎಬ್ಬಿಸಿ ಕಾಯಿಸಿದರು. ಸಾವಿರಾರು ಬಾಡಿಗೆ ಯಂತ್ರಗಳಿಂದ ತಮ್ಮದೇ ತಾಣದ ಮೇಲೆ ಕೃತಕ ದಾಳಿ ನಡೆಸಿ ಎಲ್ಲಿ ಬಿರುಕು ಬಿಡುತ್ತದೆ ಎಂದು ನೋಡಿದರು. ಕಷ್ಟಕಾಲ ಬಂದರೆ ‘ನಿಮಗಾಗಿ ಶಿಫಾರಸು’ ಮುಂತಾದ ಅಲಂಕಾರಗಳನ್ನೆಲ್ಲ ಆರಿಸಿ, ವಿಡಿಯೊ ಒಂದನ್ನೇ ಉಳಿಸಿಕೊಳ್ಳುವ ಏರ್ಪಾಡು ಮಾಡಿದ್ದರು. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ ಹೊತ್ತಿಗೆ ಏಕಕಾಲದ ವೀಕ್ಷಕರು 5.9 ಕೋಟಿ ತಲುಪಿದರು.

ಯಂತ್ರ ಒದಗಿಸುವುದು ಕ್ಲೌಡ್‌ನ ಕೆಲಸ. ಯಾವಾಗ, ಎಷ್ಟು, ಯಾವುದನ್ನು ಮೊದಲು ಉಳಿಸಬೇಕು ಎಂಬ ವಿವೇಕ ವ್ಯಾಪಾರ ಬಲ್ಲವರಿಂದಲೇ ಬರಬೇಕು.

ಕೈಕೊಟ್ಟ ದಿನಗಳು

2017ರ ಫೆಬ್ರುವರಿ 28ರಂದು ವರ್ಜೀನಿಯಾದಲ್ಲಿ ಎಸ್3 ಬಿಲ್ಲಿಂಗ್ ವ್ಯವಸ್ಥೆ ನಿಧಾನವಾಗಿತ್ತು. ಅದನ್ನು ಸರಿಪಡಿಸಲು ಕೆಲವೇ ಸರ್ವರ್‌ಗಳನ್ನು ತೆಗೆಯಲು ಹೊರಟ ಸಿಬ್ಬಂದಿಯೊಬ್ಬರು ಆಜ್ಞೆಯನ್ನು ತಪ್ಪಾಗಿ ಕೊಟ್ಟರು. ಉದ್ದೇಶಿಸಿದ್ದಕ್ಕಿಂತ ಬಹಳ ಹೆಚ್ಚು ಸರ್ವರ್‌ಗಳು ಹೊರಬಿದ್ದವು. ಯಾವ ಕಡತ ಎಲ್ಲಿದೆ ಎಂದು ನೆನಪಿಡುವ ಸೂಚಿಯನ್ನೇ ಮತ್ತೆ ಪೂರ್ತಿ ಎಬ್ಬಿಸಬೇಕಾಯಿತು. ವರ್ಷಗಳಿಂದ ಅದನ್ನು ಯಾರೂ ಹಾಗೆ ಮರುಚಾಲನೆ ಮಾಡಿರಲಿಲ್ಲ. ನಾಲ್ಕು ಗಂಟೆಗೂ ಹೆಚ್ಚು ಕಾಲ ಅಸಂಖ್ಯ ತಾಣಗಳು ಮಂಕಾದವು. ಸೇವೆ ಹೇಗಿದೆ ಎಂದು ಗ್ರಾಹಕರಿಗೆ ತಿಳಿಸುವ ಅಮೆಜಾನ್‌ನ ಫಲಕವೂ ಎಸ್3ಯನ್ನೇ ನಂಬಿದ್ದರಿಂದ ಅದನ್ನು ನವೀಕರಿಸಲೂ ಆಗಲಿಲ್ಲ.

2021ರ ಮಾರ್ಚ್ 10ರ ಮಧ್ಯರಾತ್ರಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಐದಂತಸ್ತಿನ ಡೇಟಾ ಸೆಂಟರ್ ಸುಟ್ಟುಹೋಯಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ಬೇರೆ ಊರಿನಲ್ಲಿ ಪ್ರತಿ ಇಡದಿದ್ದವರ ಕಡತಗಳು ಬೂದಿಯಾದವು. ಬ್ಯಾಕಪ್‌ಗೆಂದು ಪ್ರತ್ಯೇಕ ಹಣ ಕಟ್ಟಿದ್ದ ಗ್ರಾಹಕರೊಬ್ಬರಿಗೆ ಆ ಬ್ಯಾಕಪ್ ಕೂಡ ಅದೇ ಕಟ್ಟಡದಲ್ಲಿತ್ತು ಎಂದು ಆಮೇಲೆ ತಿಳಿಯಿತು, ವಿಷಯ ಕೋರ್ಟಿಗೆ ಹೋಯಿತು.

2019ರ ಕ್ಯಾಪಿಟಲ್ ಒನ್ ಪ್ರಕರಣದಲ್ಲಿ ಕ್ಲೌಡ್‌ನ ಯಾವ ಯಂತ್ರವೂ ಕೆಡಲಿಲ್ಲ. ಅಮೆರಿಕದ ಆ ಬ್ಯಾಂಕು ತನ್ನ ಫೈರ್‌ವಾಲನ್ನು ತಪ್ಪಾಗಿ ಹೊಂದಿಸಿತ್ತು, ಅದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಕಡತಗಳನ್ನು ಓದುವ ಅನುಮತಿಯನ್ನೂ ಕೊಟ್ಟಿತ್ತು. ಆ ಸಂದಿಯಿಂದ ನುಗ್ಗಿದ ಒಬ್ಬರ ಕೈಗೆ ಅಮೆರಿಕ ಮತ್ತು ಕೆನಡಾದ ಸುಮಾರು 10.6 ಕೋಟಿ ಜನರ ಮಾಹಿತಿ ಸಿಕ್ಕಿತು. ಮರುವರ್ಷ ನಿಯಂತ್ರಕರು 8 ಕೋಟಿ ಡಾಲರ್ ದಂಡ ವಿಧಿಸಿದ್ದು ಬ್ಯಾಂಕಿಗೆ.

ಇವೆಲ್ಲದರ ನಡುವೆ ಆಸ್ಟ್ರೇಲಿಯಾದ ಯೂನಿಸೂಪರ್ ಪಿಂಚಣಿ ನಿಧಿಯ ಪ್ರಸಂಗ ಉದ್ಯಮಿಗಳು ಓದಲೇಬೇಕಾದದ್ದು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರ ಉಳಿತಾಯ ನೋಡಿಕೊಳ್ಳುವ ಈ ಸಂಸ್ಥೆ ಗೂಗಲ್‌ನಲ್ಲಿ ಹೊಂದಿದ್ದ ಖಾಸಗಿ ಕ್ಲೌಡ್ 2024ರ ಮೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ಅಳಿಸಿಹೋಯಿತು. ಗೂಗಲ್ ಸಿಬ್ಬಂದಿ ಅದನ್ನು ಹೂಡುವಾಗ ಒಂದು ಅಂಕಣವನ್ನು ಖಾಲಿ ಬಿಟ್ಟಿದ್ದರು. ಖಾಲಿ ಇದ್ದರೆ ಅವಧಿ ಒಂದು ವರ್ಷ ಎಂದು ವ್ಯವಸ್ಥೆ ಭಾವಿಸಿತು. ವರ್ಷ ತುಂಬಿದ್ದೇ ಎಚ್ಚರಿಕೆಯನ್ನೂ ಕೊಡದೆ ಅಳಿಸಿತು. ಎರಡು ಪ್ರದೇಶಗಳಲ್ಲಿ ಜೋಡಿ ವ್ಯವಸ್ಥೆ ಇದ್ದರೂ ಎರಡೂ ಕಡೆ ಅಳಿಯಿತು ಎಂದು ಎರಡೂ ಸಂಸ್ಥೆಗಳ ಮುಖ್ಯಸ್ಥರ ಜಂಟಿ ಹೇಳಿಕೆ ತಿಳಿಸಿತು. ಯೂನಿಸೂಪರ್ ಮೊದಲೇ ಬೇರೊಂದು ಕಂಪನಿಯಲ್ಲೂ ಬ್ಯಾಕಪ್ ಇಟ್ಟಿತ್ತು. ಸದಸ್ಯರ ಖಾತೆಗಳು ಮರಳಿ ಬರಲು ಅದು ದೊಡ್ಡ ನೆರವಾಯಿತು.

ಬಿಲ್ಲು ಮತ್ತು ಬಿಡುಗಡೆ

ಬಳಸಿದಷ್ಟಕ್ಕೆ ಹಣ ಎಂಬ ಮಾತಿನಲ್ಲಿ ಇನ್ನೊಂದು ಅರ್ಥವೂ ಅಡಗಿದೆ. ಆರಿಸಲು ಮರೆತದ್ದಕ್ಕೂ ಹಣ. ಪರೀಕ್ಷೆಗೆಂದು ಶುಕ್ರವಾರ ಎಬ್ಬಿಸಿದ ಯಂತ್ರ ತಿಂಗಳಾನುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಓಡುತ್ತಿರುವುದು ಕಂಪನಿಗಳಲ್ಲಿ ಸಾಮಾನ್ಯ. ಬಾಡಿಗೆಯಲ್ಲೂ ಬಗೆಗಳಿವೆ. ಬೇಕೆಂದಾಗ ಪಡೆದರೆ ಪೂರ್ಣ ದರ, ಒಂದು ಅಥವಾ ಮೂರು ವರ್ಷಕ್ಕೆ ಮಾತು ಕೊಟ್ಟರೆ ರಿಯಾಯಿತಿ. ಕ್ಲೌಡ್ ಕಂಪನಿ ಯಾವ ಕ್ಷಣದಲ್ಲಾದರೂ ಹಿಂದಕ್ಕೆ ಪಡೆಯಬಹುದಾದ ಬಿಡುವಿನ ಯಂತ್ರಗಳು ಶೇ 90ರವರೆಗೂ ಅಗ್ಗ. ನಡುವೆ ನಿಂತರೂ ನಷ್ಟವಿಲ್ಲದ ಕೆಲಸಕ್ಕೆ, ಉದಾಹರಣೆಗೆ ರಾತ್ರಿ ನಡೆಯುವ ಲೆಕ್ಕಾಚಾರಕ್ಕೆ, ಇವು ಹೇಳಿ ಮಾಡಿಸಿದಂಥವು.

ದಿನವೂ ಒಂದೇ ಮಟ್ಟದಲ್ಲಿ ಓಡುವ ಭಾರೀ ಕೆಲಸಕ್ಕೆ ಬಾಡಿಗೆ ದುಬಾರಿಯಾಗುವ ಹಂತವೂ ಬರುತ್ತದೆ. ಡ್ರಾಪ್‌ಬಾಕ್ಸ್ ತನ್ನ ಗ್ರಾಹಕರ ಕಡತಗಳ ಬಹುಪಾಲನ್ನು ಅಮೆಜಾನ್‌ನಿಂದ ಸ್ವಂತ ಡೇಟಾ ಸೆಂಟರುಗಳಿಗೆ ಸಾಗಿಸಿ ಎರಡು ವರ್ಷಗಳಲ್ಲಿ ಸುಮಾರು 7.5 ಕೋಟಿ ಡಾಲರ್ ಖರ್ಚು ಇಳಿಸಿತು. 2022ರಲ್ಲಿ ಕ್ಲೌಡ್‌ಗೆ 32 ಲಕ್ಷ ಡಾಲರ್ ಕಟ್ಟಿದ್ದ 37ಸಿಗ್ನಲ್ಸ್ ಎಂಬ ಸಣ್ಣ ತಂತ್ರಾಂಶ ಕಂಪನಿಯೂ ಸ್ವಂತ ಸರ್ವರ್ ಕೊಂಡು ಹೊರನಡೆಯಿತು. ಇತ್ತ ನೆಟ್‌ಫ್ಲಿಕ್ಸ್ ತದ್ವಿರುದ್ಧ ದಾರಿ ಹಿಡಿದಿತ್ತು. 2008ರಲ್ಲಿ ಸ್ವಂತ ಡೇಟಾಬೇಸ್ ಕೆಟ್ಟು ಮೂರು ದಿನ ಡಿವಿಡಿ ಕಳಿಸಲಾಗದೆ ಒದ್ದಾಡಿದ ಮೇಲೆ ಏಳು ವರ್ಷ ಹಿಡಿದು ತನ್ನ ವ್ಯವಸ್ಥೆಯನ್ನು ಕ್ಲೌಡ್‌ಗೆ ಸಾಗಿಸಿತು. ಏರಿಳಿತ ಹೆಚ್ಚಿದ್ದು, ಬೆಳವಣಿಗೆ ಎತ್ತ ಎಂದು ಗೊತ್ತಿಲ್ಲದವರಿಗೆ ಬಾಡಿಗೆ ಒಳ್ಳೆಯದು. ಬಳಕೆ ಸ್ಥಿರವಾಗಿದ್ದು, ನೋಡಿಕೊಳ್ಳಲು ನುರಿತ ಜನರಿದ್ದರೆ ಸ್ವಂತದ್ದು ಅಗ್ಗವಾಗಬಹುದು.

ಹೊರಬರುವ ದಾರಿ ಎಷ್ಟು ಸಲೀಸು ಎಂಬುದನ್ನು ಒಳಹೋಗುವ ಮೊದಲೇ ನೋಡಬೇಕು. ಕ್ಲೌಡ್‌ಗೆ ಮಾಹಿತಿ ಏರಿಸಲು ಸಾಮಾನ್ಯವಾಗಿ ದುಡ್ಡಿಲ್ಲ, ಇಳಿಸಿಕೊಳ್ಳಲು ಜಿಬಿ ಲೆಕ್ಕದಲ್ಲಿ ದುಡ್ಡಿದೆ. ಒಂದೇ ಕಂಪನಿಯ ವಿಶಿಷ್ಟ ಡೇಟಾಬೇಸಿಗೆ ಒಗ್ಗಿದ ಪ್ರೋಗ್ರಾಂ ಇನ್ನೊಂದೆಡೆ ಹಾಗೆಯೇ ಓಡುವುದಿಲ್ಲ. ಯುರೋಪಿನ ಒಕ್ಕೂಟ ತನ್ನ ದತ್ತಾಂಶ ಕಾಯ್ದೆಯ ಮೂಲಕ ಇದಕ್ಕೆ ಕಡಿವಾಣ ಹಾಕಿದೆ. 2027ರ ಜನವರಿ 12ರಿಂದ ಅಲ್ಲಿ ಗ್ರಾಹಕರು ಒಂದು ಕ್ಲೌಡ್‌ನಿಂದ ಇನ್ನೊಂದಕ್ಕೆ ಹೋಗುವಾಗ ಸಾಗಣೆಯ ಶುಲ್ಕ ಕೇಳುವಂತಿಲ್ಲ. ಅಷ್ಟರಲ್ಲೇ, 2024ರಲ್ಲಿ, ಗೂಗಲ್ ಮತ್ತು ಅಮೆಜಾನ್ ಪೂರ್ತಿ ಬಿಟ್ಟು ಹೋಗುವವರಿಗೆ ಈ ಶುಲ್ಕವನ್ನು ತಾವಾಗಿ ಕೈಬಿಟ್ಟವು.

ಕ್ಲೌಡ್ ಒಪ್ಪಂದಕ್ಕೆ ಸಹಿ ಹಾಕುವ ಹುಬ್ಬಳ್ಳಿಯ ಬಿಡಿಭಾಗ ತಯಾರಕರಿಗೂ ಮಂಗಳೂರಿನ ಆಸ್ಪತ್ರೆಗೂ ಮೊದಲ ವಾರದ ಕೆಲಸಗಳು ಒಂದೇ. ಆಡಳಿತ ಖಾತೆಗೆ ಪಾಸ್‌ವರ್ಡ್ ಜೊತೆ ಎರಡನೇ ಹಂತದ ದೃಢೀಕರಣ ಹಾಕಬೇಕು. ಪ್ರತಿ ಸಿಬ್ಬಂದಿಗೆ ಅವರ ಕೆಲಸಕ್ಕೆ ಬೇಕಾದಷ್ಟೇ ಅನುಮತಿ ಕೊಡಬೇಕು. ಖರ್ಚು ಮಿತಿ ದಾಟಿದರೆ ಎಚ್ಚರಿಸುವಂತೆ ಹೊಂದಿಸಬೇಕು. ಬ್ಯಾಕಪ್ಪಿನ ಒಂದು ಪ್ರತಿ ಬೇರೆ ಊರಿನಲ್ಲಿ, ಸಾಧ್ಯವಾದರೆ ಬೇರೆ ಕಂಪನಿಯಲ್ಲಿ ಇರಬೇಕು. ಆಮೇಲೆ ಒಂದು ಶನಿವಾರ ಆ ಪ್ರತಿಯಿಂದಲೇ ಇಡೀ ವ್ಯವಸ್ಥೆಯನ್ನು ಖಾಲಿ ಯಂತ್ರದ ಮೇಲೆ ಮರಳಿ ಕಟ್ಟಿ, ಅದಕ್ಕೆ ಎಷ್ಟು ಗಂಟೆ ಹಿಡಿಯಿತೆಂದು ಬರೆದಿಟ್ಟುಕೊಳ್ಳಬೇಕು. ಆ ಯಂತ್ರದ ಬಾಡಿಗೆ ಒಂದು ದಿನಕ್ಕೆ ಕೆಲವು ನೂರು ರೂಪಾಯಿ ಆದೀತು.